ಹಿತ್ತಿಲಿಲ್ಲದ ಕಟ್ಟಡ

ಮೆಲ್ಬರ್ನ್‌ನಲ್ಲಿ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿಗೆ ಸೇರಿದ ಮೇಲೆ ನನ್ನ ಕೈಗೆ ಬಂದ ಮೊದಲ ದೊಡ್ಡ ಕೆಲಸ ಒಂದು ಪಾರ್ಕಿನ ಪೆವಿಲಿಯನ್. ಪೆವಿಲಿಯನ್ ಅಂದ ಕೂಡಲೇ ಲಾರ್ಡ್ಸ್ ನೆನಪಾದರೆ ಅದನ್ನು ಮರೆತುಬಿಡಿ. ಇಲ್ಲಿ ಹೆಚ್ಚುಕಮ್ಮಿ ಬಡಾವಣೆಗೊಂದು ಓವಲ್ ಮೈದಾನ ಇರುತ್ತದೆ. ಬೇಸಿಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ಇವರದೇ ಫುಟ್‌ಬಾಲ್, ಅದೇ ಆ ಮೊಟ್ಟೆಯಂಥ ಚೆಂಡಿನ ಆಟ. ಪಕ್ಕದಲ್ಲಿ ಬಟ್ಟೆ ಬದಲಿಸಲು ನಾಲ್ಕು ಕೋಣೆ, ಅಂಪೈರ್‌ಗಳಿಗೊಂದು, ಸಾಮಾನಿಗೆ ಸ್ಟೋರ್, ಚಿಕ್ಕ ಅಡುಗೆಮನೆ, ಆಟ ಮುಗಿದ ಮೇಲೆ ಸೇರಲು ಒಂದು ಹಾಲ್. ನಾವು ಕಟ್ಟಬೇಕಿದ್ದದ್ದು ಇಷ್ಟೇ.

ಕೆಲಸ ಕೊಟ್ಟ ಕೌನ್ಸಿಲ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ಒಂದೇ ಮಾತು ಒತ್ತಿ ಹೇಳಿದ್ದರು: ಕಟ್ಟಡ ಪಾರ್ಕಿನೊಳಗೆ ಬೆರೆತುಹೋಗಬೇಕು. ನನಗೋ ಖುಷಿಯೋ ಖುಷಿ. ಆವತ್ತೇ ರಾತ್ರಿ ಕೂತು ಸ್ಕೆಚ್ ಮಾಡಿದೆ. ಹುಲ್ಲುನೆಲ ಹಾಗೇ ಮೇಲೇರಿ ಚಾವಣಿಯಾಗುತ್ತದೆ, ಮಕ್ಕಳು ಅದರ ಮೇಲೆ ಓಡಾಡುತ್ತಾರೆ, ಕೆಳಗೆ ಕಟ್ಟಡ ಇದೆ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ! ಬೆಳಿಗ್ಗೆ ಬಾಸ್ ನೋಡಿ ಒಂದೇ ಪ್ರಶ್ನೆ ಕೇಳಿದರು. "ಫೆಬ್ರವರಿಯಲ್ಲಿ ಇದಕ್ಕೆ ನೀರು ಹಾಕೋರು ಯಾರು?" ಇಲ್ಲಿ ಫೆಬ್ರವರಿ ಅಂದರೆ ಉರಿಬಿಸಿಲು. ಅದೂ ಅಲ್ಲದೆ ಹತ್ತು ಸೆಂಟಿಮೀಟರ್ ಮಾಮೂಲಿ ಮಣ್ಣು ಮಳೆಗೆ ನೆನೆದರೆ ಚದರ ಮೀಟರಿಗೆ 150 ಕೆಜಿ ದಾಟುತ್ತದೆ, ಅದನ್ನು ಹೊರಲು ಬೇಕಾದ ಕಂಬ ತೊಲೆಗಳನ್ನು ಲೆಕ್ಕ ಹಾಕಿದರೆ ಕಟ್ಟಡ ತೆಳ್ಳಗಾಗುವ ಬದಲು ಇನ್ನಷ್ಟು ದಪ್ಪ ಆಗುತ್ತದೆ. ಸ್ಕೆಚ್ ಮಡಚಿಟ್ಟೆ.

ಎರಡನೇ ತಪ್ಪು ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಹಾಲ್‌ಗೆ ಚಳಿಗಾಲದ ಬಿಸಿಲು ಬರಲಿ ಅಂತ ದೊಡ್ಡ ಕಿಟಕಿಗಳನ್ನು ದಕ್ಷಿಣಕ್ಕೆ ಇಟ್ಟಿದ್ದೆ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದುಹೋಗುತ್ತಾನೆ! ಓದಿದ್ದು ತಲೆಯಲ್ಲಿತ್ತು, ಕೈಗೆ ಮಾತ್ರ ಇನ್ನೂ ಇಳಿದಿರಲಿಲ್ಲ. ಪೆವಿಲಿಯನ್ ಮೈದಾನದ ಪಶ್ಚಿಮಕ್ಕಿದ್ದರೆ ಒಳ್ಳೆಯದು, ಆಗ ಜಗಲಿಯಲ್ಲಿ ಕೂತು ಆಟ ನೋಡುವವರಿಗೆ ಸಂಜೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗಲ್ಲ. ಅದು ಸರಿಯಾಗಿಯೇ ಇತ್ತು. ಹಾಲ್ ಅನ್ನು ಉತ್ತರದ ತುದಿಗೆ ತಳ್ಳಿದೆವು.

ಆಮೇಲೆ ಮರದ ಸರದಿ. ಆ ಕಡೆ ಒಂದು ಹಳೆಯ ರೆಡ್ ಗಮ್ ಮರ ಇತ್ತು, ನಮ್ಮ ನೀಲಗಿರಿ ಮರದ ಜಾತಿಯದು. ಇಲ್ಲಿನ ಲೆಕ್ಕ ಹೀಗಿದೆ: ನೆಲದಿಂದ 1.4 ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ ನೋಡಬೇಕು, ಅದರ 12 ಪಟ್ಟು ದೂರದವರೆಗೆ ಸುತ್ತಲೂ ಬೇರಿನ ಜಾಗ ಅಂತ ಕಾಯಬೇಕು. ಕಾಂಡ ಒಂದು ಮೀಟರ್ ಇದ್ದರೆ ಸುತ್ತ 12 ಮೀಟರ್ ನಿಮ್ಮದಲ್ಲ, ಮರದ್ದು. ನಮ್ಮ ಕಟ್ಟಡದ ಗೋಡೆ ಮಧ್ಯದಲ್ಲಿ ಬಾಗಿದ್ದು ಅದಕ್ಕೇ. ನೋಡಿದವರು ಏನು ಚೆನ್ನಾಗಿ ಬಾಗಿಸಿದ್ದೀರಿ ಅನ್ನುತ್ತಾರೆ, ನಾನು ಸುಮ್ನೆ ತಲೆಯಾಡಿಸುತ್ತೇನೆ.

ಆದರೆ ನಿಜವಾದ ತಲೆನೋವು ಬೇರೆ. ಬೀದಿಯ ಕಟ್ಟಡಕ್ಕೆ ಮುಂದೆ ಮುಖ ಇರುತ್ತದೆ, ಹಿಂದೆ ಹಿತ್ತಿಲಿರುತ್ತದೆ. ಕಸದ ಡಬ್ಬಿ, ಪೈಪು, ಏಸಿಯ ಡಬ್ಬ, ಅಡುಗೆಮನೆಯ ಹೊಗೆಕೊಳವೆ, ಸ್ಟೋರಿನ ಶಟರ್ ಎಲ್ಲ ಅಲ್ಲಿಗೆ ಹೋಗುತ್ತವೆ. ಪಾರ್ಕಿನಲ್ಲಿ ಹಿತ್ತಿಲೇ ಇಲ್ಲ. ಒಂದು ಕಡೆ ಮೈದಾನ, ಇನ್ನೊಂದು ಕಡೆ ನಾಯಿ ಕರೆದುಕೊಂಡು ಬರುವವರ ದಾರಿ, ಮತ್ತೊಂದು ಕಡೆ ಮಕ್ಕಳ ಜಾರುಬಂಡಿ. ಹಿಂಬದಿಗೆ ಮಣ್ಣಿನ ದಿಬ್ಬ ಒತ್ತಿ ಎಲ್ಲವನ್ನೂ ಅದರ ಮರೆಗೆ ಹಾಕೋಣ ಅಂದೆ. ಡ್ರಾಯಿಂಗಿನಲ್ಲಿ ಬಹಳ ಚೆನ್ನಾಗಿ ಕಂಡಿತು. ಬಟ್ಟೆ ಬದಲಿಸುವ ಕೋಣೆಗಳ ಬಾಗಿಲೂ ಅಲ್ಲೇ.

ಕ್ಲಬ್‌ನವರ ಜೊತೆ ಮೀಟಿಂಗ್. ಹಳೆಯ ಪೆವಿಲಿಯನ್‌ಗಳನ್ನು ಗಂಡಸರಿಗೆ ಅಂತಲೇ ಕಟ್ಟಿದ್ದರು, ಬಾಗಿಲಿಲ್ಲದ ಶವರ್, ಸಾಲು ಮೂತ್ರದ ತೊಟ್ಟಿ. 2017ರಲ್ಲಿ ಇವರ ಫುಟ್‌ಬಾಲ್‌ನ ಮಹಿಳಾ ಲೀಗ್ ಶುರುವಾದ ಮೇಲೆ ಊರೂರಿನ ಕ್ಲಬ್‌ಗಳಲ್ಲೂ ಹೆಣ್ಣುಮಕ್ಕಳ ತಂಡ ಜಾಸ್ತಿ ಆದವು. ಈ ಕ್ಲಬ್ಬಿನ ಹೆಣ್ಣುಮಕ್ಕಳ ತಂಡದ ಒಬ್ಬರು ನನ್ನ ಡ್ರಾಯಿಂಗನ್ನು ತುಂಬಾ ಹೊತ್ತು ನೋಡಿದರು. ಜೂನ್‌ನಲ್ಲಿ ಇಲ್ಲಿ ಐದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಅವರ ಪ್ರಾಕ್ಟೀಸ್ ಮುಗಿಯುವುದು ಕತ್ತಲಾದ ಮೇಲೆ. "ರಾತ್ರಿ ಎಂಟಕ್ಕೆ ಈ ದಿಬ್ಬದ ಹಿಂದೆ ಯಾರಾದರೂ ನಿಂತಿದ್ದರೆ ನನಗೆ ಕಾಣುತ್ತಾರಾ?" ಅಂದರು.

ಉತ್ತರ ಇರಲಿಲ್ಲ. ಕಟ್ಟಡವನ್ನು ಎಷ್ಟು ಚೆನ್ನಾಗಿ ಅಡಗಿಸುತ್ತೇನೋ, ಅದರ ಪಕ್ಕ ನಿಂತವನನ್ನೂ ಅಷ್ಟೇ ಚೆನ್ನಾಗಿ ಅಡಗಿಸುತ್ತಿದ್ದೇನೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ, ಅಲ್ವಾ.

ದಿಬ್ಬ ತೆಗೆದೆವು. ಬದಲಿಗೆ ಕಟ್ಟಡದ ನಡುವೆಯೇ ಅಗಲವಾದ ಹಾದಿ ಬಿಟ್ಟೆವು, ಕಾರ್ ನಿಲ್ಲಿಸಿದ ಕಡೆಯಿಂದ ಮೈದಾನದವರೆಗೆ ನೇರ ನೋಟ. ಬಾಗಿಲುಗಳೆಲ್ಲ ಆ ಹಾದಿಗೇ ತೆರೆಯುತ್ತವೆ, ಅಲ್ಲಿ ರಾತ್ರಿಯೆಲ್ಲ ದೀಪ. ಪೊದೆಗಳು ಮೊಣಕಾಲೆತ್ತರ ದಾಟುವಂತಿಲ್ಲ. ತಮಾಷೆ ಅಂದರೆ, ಕಟ್ಟಡ ಪಾರ್ಕಿಗೆ ಹೊಂದಿಕೊಂಡಿದ್ದು ಆಗಲೇ. ಆ ಹಾದಿಯೊಳಗಿಂದ ಆಚೆಯ ಹುಲ್ಲು, ಆಚೆಯ ಮರ ಕಾಣತೊಡಗಿದವು.

ಉಳಿದದ್ದು ಸಣ್ಣಪುಟ್ಟ ಕೆಲಸ. ಹಸಿರು ಬಣ್ಣ ಬಳಿಯಲಿಲ್ಲ, ಡಬ್ಬಿಯ ಹಸಿರು ಯಾವ ಎಲೆಗೂ ಹೊಂದುವುದಿಲ್ಲ, ಗಮ್ ಎಲೆ ಬೂದಿ ಬೆರೆತ ಹಸಿರು. ಕೆಸರಿನ ಬೂಟು ತಾಗುವ ಎತ್ತರಕ್ಕೆ ಹಳೆ ಇಟ್ಟಿಗೆ, ಮೇಲೆ ಸ್ಪಾಟೆಡ್ ಗಮ್ ಹಲಗೆ, ಬಿಸಿಲಿಗೆ ಅದು ತಾನಾಗೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಜಗಲಿ ನೆಲದಿಂದ 60 ಸೆಂಟಿಮೀಟರ್ ಮೇಲಿತ್ತು. ಗಾಲಿಕುರ್ಚಿಗೆ 14ಕ್ಕೆ 1ರ, ಅಂದರೆ 14 ಮೀಟರ್ ಉದ್ದಕ್ಕೆ 1 ಮೀಟರ್ ಏರುವ, ರ‍್ಯಾಂಪ್ ಮಾಡಿದರೆ ಎಂಟೂವರೆ ಮೀಟರಿನಲ್ಲಿ ಮುಗಿಯುತ್ತದೆ, ಆದರೆ ಎರಡೂ ಕಡೆ ಕೈಯಲ್ಲಿ ಹಿಡಿದುಕೊಳ್ಳುವ ಕಂಬಿ ಹಾಕಲೇಬೇಕು. 20ಕ್ಕೆ 1ರಂತೆ 12 ಮೀಟರ್ ಇಳಿಸಿದರೆ ಕಂಬಿಯೇ ಬೇಡ, ಅದು ಬರೀ ದಾರಿ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಡ್ರಾಯಿಂಗ್ ಅದೇ, ಯಾರೂ ಗಮನಿಸದೆ ನಡೆದುಹೋಗುತ್ತಾರೆ.

ಕಸದ ಡಬ್ಬಿಗಳಿಗೆ ಅದೇ ಇಟ್ಟಿಗೆಯಲ್ಲಿ ಒಂದು ಚಿಕ್ಕ ಗೂಡು ಕಟ್ಟಿಸಿದೆವು, ಅದಕ್ಕೆ ಹಲಗೆಯ ಬಾಗಿಲು, ಹಿಡಿಕೆಯೂ ಕಾಣದ ಹಾಗೆ. ಹೋದ ಶನಿವಾರ ಪಂದ್ಯ ನೋಡಲು ಹೋಗಿದ್ದೆ. ಐದೂ ಡಬ್ಬಿಗಳು ಜಗಲಿಯ ಮುಂದೆ ಸಾಲಾಗಿ ನಿಂತಿದ್ದವು. ಬಾಗಿಲು ಎಲ್ಲಿ ತೆಗೆಯಬೇಕು ಅಂತ ಯಾರಿಗೂ ಗೊತ್ತಾಗಿರಲಿಲ್ಲವಂತೆ.