ಕೆನ್ನೆಗೆ ಏಟು ಬಿದ್ದಾಗ ಯೇಸು ಏನು ಮಾಡಿದರು?

ಯೇಸುಸ್ವಾಮಿ ಊರಿಗೆಲ್ಲಾ ಹೇಳಿದ್ದನ್ನು ತಾವೂ ಮಾಡಿದರಾ? ಹೀಗೆ ಕೇಳಿದರೆ ನಮ್ಮಲ್ಲಿ ಕೆಲವರಿಗೆ ಕೋಪ ಬರುತ್ತದೆ. ನನಗೆ ಬರುವುದಿಲ್ಲ. ಹೇಳುವುದೊಂದು ಮಾಡುವುದೊಂದು ಅನ್ನುವವರ ಮೇಲೆ ಅವರು ಎಷ್ಟು ಸಿಟ್ಟಾಗಿದ್ದರು ಅನ್ನುವುದಕ್ಕೆ ಬೈಬಲಿನಲ್ಲಿ ಮತ್ತಾಯ ಬರೆದ ಶುಭಸಂದೇಶದ 23ನೇ ಅಧ್ಯಾಯ ಓದಿದರೆ ಸಾಕು. ನೀವು ಅಳೆಯುವ ಅಳತೆಯಲ್ಲೇ ನಿಮ್ಮನ್ನೂ ಅಳೆಯುತ್ತಾರೆ ಅಂದವರೂ ಅವರೇ. ಹಾಗಾಗಿ ಈ ಪ್ರಶ್ನೆ ಕೇಳುವುದು ತಪ್ಪಲ್ಲ. ಅದನ್ನು ಕೇಳುವುದಕ್ಕೆ ಶುಭ ಶುಕ್ರವಾರದ ಹಿಂದಿನ ದಿನವಾದ ಪವಿತ್ರ ಗುರುವಾರಕ್ಕಿಂತ ಒಳ್ಳೆಯ ದಿನವೂ ಇಲ್ಲ.

ಅವತ್ತು ಸಂಜೆಯ ಪೂಜೆಯಲ್ಲಿ ಹನ್ನೆರಡು ಜನರನ್ನು ಪೀಠದ ಮುಂದೆ ಕೂರಿಸುತ್ತಾರೆ. ಫಾದರ್ ಮೇಲಿನ ಪೂಜಾವಸ್ತ್ರ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಮಂಡಿಯೂರುತ್ತಾರೆ. ಒಬ್ಬ ಹುಡುಗ ಬೇಸಿನ್ ಹಿಡಿದಿರುತ್ತಾನೆ, ಇನ್ನೊಬ್ಬನ ಕೈಯಲ್ಲಿ ನೀರಿನ ಚೊಂಬು. ಕೂತವರೆಲ್ಲಾ ಸಂಕೋಚಕ್ಕೆ ಮನೆಯಲ್ಲೇ ಕಾಲು ತಿಕ್ಕಿ ತೊಳೆದುಕೊಂಡು ಬಂದಿರುತ್ತಾರೆ, ಪಾಪ. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರ ಜೊತೆ ಊಟಕ್ಕೆ ಕೂತು ಅವರ ಕಾಲು ತೊಳೆದ ಜೆರುಸಲೇಮಿನ ಆ ಕೋಣೆಯಲ್ಲಿ ಹಾಗಿರಲಿಲ್ಲ. ದಾರಿಯ ಧೂಳು ಮೆತ್ತಿದ ಕಾಲುಗಳು. ತೊಳೆಯುವುದು ಆಳಿನ ಕೆಲಸ. ಅದಕ್ಕೇ ಶಿಷ್ಯ ಪೇತ್ರ ತಡೆಯಲಾರದೆ, ನೀವು ನನ್ನ ಕಾಲು ತೊಳೆಯುವುದು ಆಗುವುದೇ ಇಲ್ಲ ಅಂದುಬಿಟ್ಟ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿನ ಹುಡುಗ ಹುಡುಗಿಯರ ಕಾಲು ತೊಳೆದರು. ಅವರಲ್ಲಿ ಒಬ್ಬ ಮುಸ್ಲಿಂ ಹುಡುಗಿಯೂ ಇದ್ದಳು. ಆ ಕೋಣೆಗೆ ತುಂಬಾ ಹತ್ತಿರದ ಕೆಲಸ ಅದು ಅಂತ ನನಗನ್ನಿಸುತ್ತದೆ.

ಆದರೆ ಪ್ರತಿ ವರ್ಷ ನನ್ನನ್ನು ಕಾಡುವುದು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ. ಅವನು ಎದ್ದು ಹೊರಗೆ ಹೋದದ್ದು ಕಾಲು ತೊಳೆದಾದ ಮೇಲೆ. ಅಂದರೆ ಅವನ ಕಾಲನ್ನೂ ತೊಳೆದರು, ಟವೆಲಿನಿಂದ ಒರೆಸಿದರು. ತಮ್ಮನ್ನು ಹಿಡಿದುಕೊಡುವವನು ಅವನೇ ಅಂತ ಗೊತ್ತಿದ್ದೂ! ಯೊವಾನ್ನ ತನ್ನ ಶುಭಸಂದೇಶದಲ್ಲಿ ಇದನ್ನು ಮುಚ್ಚಿಡದೆ ಬರೆದಿದ್ದಾನೆ. ಶತ್ರುಗಳನ್ನು ಪ್ರೀತಿಸಿ ಅಂತ ಬೆಟ್ಟದ ಮೇಲೆ ಕೂತು ಹೇಳಿದ್ದರಲ್ಲ, ಅದು ಇಲ್ಲಿ ಒಬ್ಬ ಮನುಷ್ಯನ ಹಿಮ್ಮಡಿಯ ತನಕ ಇಳಿದು ಬಂದಿದೆ.

ಆಮೇಲೆ ಅದೇ ರಾತ್ರಿ ಅವರು ಪ್ರಾರ್ಥನೆಗೆ ಹೋದ ಗೆತ್ಸೆಮನಿ ತೋಟ. ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ 'ನಿಮ್ಮ ಚಿತ್ತ ನೆರವೇರಲಿ' ಅಂತ ಇದೆ ಅಲ್ವಾ? ನಾವು ದಿನಾ ಸುಮ್ನೆ ಹೇಳಿ ಮುಗಿಸುತ್ತೇವೆ. ಅವರು ಅದನ್ನು ಸಾವು ಕಣ್ಣೆದುರಿಗೆ ಬಂದಾಗ, ಬೇಡ ಅನ್ನಿಸುತ್ತಿರುವಾಗಲೇ ಹೇಳಿದರು. ಹಿಡಿಯಲು ಬಂದವರ ಜೊತೆಗಿದ್ದ, ಯೆಹೂದ್ಯರ ಪ್ರಧಾನಯಾಜಕನ ಆಳು ಮಲ್ಕನ ಕಿವಿಯನ್ನು ಪೇತ್ರ ಕತ್ತರಿಸಿದಾಗ, ಕತ್ತಿ ಒಳಗಿಡು ಅಂತ ಗದರಿದರು. ಆ ಕಿವಿಯನ್ನು ಮುಟ್ಟಿ ವಾಸಿ ಮಾಡಿದರು ಅಂತ ಇನ್ನೊಂದು ಶುಭಸಂದೇಶ ಬರೆದ ಲೂಕ ಹೇಳುತ್ತಾನೆ.

ಇಷ್ಟೆಲ್ಲಾ ಸರಿ, ಆ ಏಟಿನ ವಿಷಯ ಏನು ಅಂತ ತಿಳಿದವರು ಕೇಳುತ್ತಾರೆ. ಬಲಗೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆಯನ್ನೂ ಒಡ್ಡು ಅಂದವರು ಅವರೇ. ಅದೇ ರಾತ್ರಿ ವಿಚಾರಣೆ ನಡೆಯುವಾಗ, ಪ್ರಧಾನಯಾಜಕನಿಗೆ ಹೀಗಾ ಉತ್ತರ ಕೊಡುವುದು ಅಂತ ಕಾವಲಿನವನೊಬ್ಬ ಕೆನ್ನೆಗೆ ಹೊಡೆದ. ಯೇಸು ಇನ್ನೊಂದು ಕೆನ್ನೆ ಒಡ್ಡಲಿಲ್ಲ. ನಾನು ತಪ್ಪು ಮಾತಾಡಿದ್ದರೆ ತಪ್ಪು ಯಾವುದು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದರು.

ಇದನ್ನು ನಾನು ತುಂಬಾ ಯೋಚಿಸಿದ್ದೇನೆ. ಕೆನ್ನೆಯ ಮಾತು ಬರುವುದು 'ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು' ಅನ್ನುವುದರ ಬೆನ್ನಿಗೆ. ಅಲ್ಲಿ ಬೇಡ ಅಂದದ್ದು ಸೇಡು. ಬಾಯಿ ಮುಚ್ಚಿಕೊಂಡಿರಿ ಅಂತ ಹೇಳಿಲ್ಲ. ಹಿಡಿದವರು ಯೇಸುವಿನ ಕೈ ಕಟ್ಟಿಹಾಕಿದ್ದರು ನಿಜ, ಆದರೆ ಕೇಳಿದ್ದರೆ ದೇವದೂತರ ಸೇನೆಯೇ ಬರುತ್ತಿತ್ತು ಅಂತ ತೋಟದಲ್ಲಿ ಅವರೇ ಹೇಳಿದ್ದರು. ಅದನ್ನು ಕೇಳಲಿಲ್ಲ. ಹೊಡೆದವನಿಗೆ ಶಾಪ ಹಾಕಲಿಲ್ಲ. ಅವನಿಗೂ ಮನಸ್ಸಾಕ್ಷಿ ಇದೆ ಅಂತ ನಂಬಿ, ಮನುಷ್ಯ ಮನುಷ್ಯನ ಹತ್ತಿರ ಕೇಳುವ ಹಾಗೆ ಕಾರಣ ಕೇಳಿದರು. ಬೆಳಗಾಗುವುದರೊಳಗೆ ಇನ್ನೂ ಜಾಸ್ತಿ ಏಟು ಬಿದ್ದವು, ಮುಖಕ್ಕೆ ಉಗುಳಿದರು. ಒಬ್ಬರಿಗೂ ತಿರುಗಿ ಹೊಡೆಯಲಿಲ್ಲ. ಶಿಲುಬೆಯ ಮೇಲೆ, ತಂದೆಯೇ ಇವರನ್ನು ಕ್ಷಮಿಸಿ ಅಂದರು. ದಬ್ಬಾಳಿಕೆ ಮಾಡುವವರ ಮುಂದೆ ಸುಮ್ಮನಿರುವುದೇ ಕ್ರೈಸ್ತರ ತಾಳ್ಮೆ ಅಂತ ಯಾರಾದರೂ ಹೇಳಿಕೊಟ್ಟರೆ ನಾನು ಒಪ್ಪುವುದಿಲ್ಲ.

ಶುಭ ಶುಕ್ರವಾರ ಮಧ್ಯಾಹ್ನ ಚರ್ಚಿನಲ್ಲಿ ಯೊವಾನ್ನನ ಶುಭಸಂದೇಶದಿಂದಲೇ ಪ್ರಭುವಿನ ಯಾತನೆಯ ಭಾಗ ಓದುತ್ತಾರೆ. ಉದ್ದ ಜಾಸ್ತಿ, ನಿಂತು ಕಾಲು ನೋಯುತ್ತದೆ, ಗಮನ ಎಲ್ಲೋ ಹೋಗುತ್ತದೆ. ಈ ಏಟು ಬರುವುದು ಶುರುವಿನಲ್ಲೇ, 18ನೇ ಅಧ್ಯಾಯದ 22 ಮತ್ತು 23ನೇ ವಚನ. ಈ ಸಲ ಅದನ್ನು ಗಮನವಿಟ್ಟು ಕೇಳಿ.