ಎರಡನೆಯವರ ಊರಿಗೆ ಬಂದ ಶಾಬಿ

ನಾನಿರುವ ಲೆವರ್‌ಕುಸೆನ್, ಜರ್ಮನಿಯ ಕೊಲೋನ್ ಪಕ್ಕದ ಊರು. ಬಾಯರ್ ಔಷಧ ಕಾರ್ಖಾನೆಯ ಸುತ್ತ ಬೆಳೆದದ್ದು. ಇಲ್ಲಿನ ಫುಟ್‌ಬಾಲ್ ಕ್ಲಬ್ಬನ್ನೂ 1904ರಲ್ಲಿ ಆ ಕಾರ್ಖಾನೆಯ ಕೆಲಸಗಾರರೇ ಕಟ್ಟಿದರು. ನಾನು ಬಂದ ಹೊಸದರಲ್ಲಿ ಕೆಳಗಿನ ಮನೆಯ ಅಜ್ಜ ಹೇಳಿಕೊಟ್ಟ ಪದ ‘ವೀಟ್ಸೆಕುಸೆನ್’. ಸದಾ ಎರಡನೆಯವರು ಅಂತ ಹಂಗಿಸಲು ಬೇರೆ ಊರಿನವರು ಇಟ್ಟ ಅಡ್ಡಹೆಸರು. 2002ರಲ್ಲಿ ಒಂದೇ ಅಂಕದಲ್ಲಿ ಲೀಗ್ ಕೈತಪ್ಪಿತು, ಜರ್ಮನ್ ಕಪ್ ಫೈನಲ್ ಸೋತರು, ಯುರೋಪಿನ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಫೈನಲ್ಲೂ ಸೋತರು. ಇದನ್ನು ಹೇಳುವಾಗ ಅಜ್ಜ ಒಂದೊಂದೇ ಬೆರಳು ಮಡಚಿ, ಮೂರನೆಯದಕ್ಕೆ ಸುಮ್ಮನಾಗಿಬಿಡುತ್ತಿದ್ದರು.

2022ರ ಅಕ್ಟೋಬರ್‌ನಲ್ಲಿ ಶಾಬಿ ಅಲೊನ್ಸೊ ಕೋಚ್ ಆಗಿ ಬಂದಾಗ ಲೀಗಿನ 18 ತಂಡಗಳಲ್ಲಿ ನಮ್ಮದು 17ನೇ ಜಾಗದಲ್ಲಿತ್ತು. ಎಂಟು ಪಂದ್ಯಕ್ಕೆ ಐದೇ ಅಂಕ.

ಆಟಗಾರನಾಗಿ ಆತ ಯಾರಿಗೆ ಗೊತ್ತಿಲ್ಲ? ಸ್ಪೇನಿನ ಬಾಸ್ಕ್ ನಾಡಿನವನು, ಅಪ್ಪ ಪೆರಿಕೊ ಕೂಡ ಮಿಡ್‌ಫೀಲ್ಡರ್. 2005ರಲ್ಲಿ ಇಸ್ತಾಂಬುಲ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್ 0-3 ಹಿಂದಿದ್ದು ಸಮ ಮಾಡಿಕೊಂಡಿತಲ್ಲ, ಆ ಮೂರನೇ ಗೋಲು ಇವನದೇ. ಪೆನಾಲ್ಟಿಯನ್ನು ಗೋಲಿ ತಡೆದಿದ್ದ, ವಾಪಸ್ ಬಂದ ಚೆಂಡನ್ನೇ ಒಳಗೆ ಹಾಕಿದ. ಸ್ಪೇನ್ ಜೊತೆ 2010ರ ವಿಶ್ವಕಪ್ ಕೂಡ ಗೆದ್ದ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2017ರಲ್ಲಿ ಆಟ ಬಿಟ್ಟ ಮೇಲಿನ ದಾರಿ. ಅಷ್ಟು ಹೆಸರಿದ್ದವನು ದೊಡ್ಡ ಕ್ಲಬ್ಬಿನ ಬಾಗಿಲು ಬಡಿಯಲಿಲ್ಲ. ರಿಯಲ್ ಮ್ಯಾಡ್ರಿಡ್‌ನಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಕಲಿಸಿದ. ಆಮೇಲೆ ಮೂರು ವರ್ಷ ಬಾಸ್ಕ್ ನಾಡಿನ ಕ್ಲಬ್ಬಾದ ರಿಯಲ್ ಸೊಸಿಯೆದಾದ್‌ನ ಬಿ ತಂಡ. ಅದನ್ನು ಎರಡನೇ ದರ್ಜೆಗೆ ಏರಿಸಿದ, ಮರುವರ್ಷವೇ ಅದು ಕೆಳಗಿಳಿಯಿತು. ನಮ್ಮ ದ್ರಾವಿಡ್ 19ರೊಳಗಿನ ಹುಡುಗರ ಜೊತೆ ಕೂತು ದುಡಿದದ್ದು ನೆನಪಾಗುತ್ತದೆ. ಆ ಇಳಿತದ ವರ್ಷವೇ ಇಲ್ಲಿಗೆ ಬಂದದ್ದು.

ಒಮ್ಮೆ ಸ್ಟೇಡಿಯಮ್ಮಿನಲ್ಲಿ ಬೆಂಚಿನ ಹತ್ತಿರದ ಸೀಟು ಸಿಕ್ಕಿತ್ತು. ಎತ್ತರದಿಂದ ಚೆಂಡೊಂದು ಗೆರೆಯಾಚೆ ಬಂತು. ಶಾಬಿ ಬಿಳಿ ಶೂನ ತುದಿಯಲ್ಲಿ ಅದನ್ನು ಮೆತ್ತಗೆ ಇಳಿಸಿಕೊಂಡು, ಥ್ರೋ ಮಾಡುವ ಹುಡುಗನ ಕೈಗೇ ಹೋಗುವಂತೆ ಒದ್ದ. ಸುತ್ತಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅವನ ಕಣ್ಣು ಮಾತ್ರ ಆಗಲೇ ಮೈದಾನದಲ್ಲಿ ಇನ್ನೇನೋ ಹುಡುಕುತ್ತಿತ್ತು.

2024ರ ಏಪ್ರಿಲ್ 14, ಬ್ರೆಮೆನ್ ವಿರುದ್ಧ 5-0. ಐದು ಪಂದ್ಯ ಬಾಕಿ ಇರುವಾಗಲೇ ಮೊದಲ ಬಾರಿಗೆ ಲೀಗ್ ನಮ್ಮೂರಿಗೆ ಬಂತು. ನಮ್ಮ ಆಟಗಾರ ಫ್ಲೋರಿಯಾನ್ ವಿರ್ಟ್ಸ್ ತನ್ನ ಮೂರನೇ ಗೋಲು ಹೊಡೆದದ್ದೇ ತಡ, ಜನ ಮೈದಾನಕ್ಕೆ ನುಗ್ಗಿಬಿಟ್ಟರು. ಕೊನೆಗೆ 34 ಪಂದ್ಯಗಳಲ್ಲಿ 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲ. ಬುಂಡೆಸ್‌ಲೀಗಾ ಎಂಬ ಈ ಜರ್ಮನ್ ಲೀಗಿನಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ. ಡಬ್ಲಿನ್‌ನಲ್ಲಿ ಯುರೋಪಿನ ಎರಡನೇ ಸ್ತರದ ಟೂರ್ನಿಯಾದ ಯುರೋಪಾ ಲೀಗ್ ಫೈನಲನ್ನು ಇಟಲಿಯ ಅಟಲಾಂಟಾ ತಂಡಕ್ಕೆ 0-3ರಲ್ಲಿ ಸೋತಾಗ ಸಂಕಟವಾಯಿತು. ಮೂರೇ ದಿನಕ್ಕೆ ಬರ್ಲಿನ್‌ನಲ್ಲಿ ಜರ್ಮನ್ ಕಪ್ಪನ್ನೂ ಗೆದ್ದರು.

2025ರಲ್ಲಿ ಶಾಬಿ ಮ್ಯಾಡ್ರಿಡ್‌ಗೆ ಹೊರಟ. ಬೇಜಾರಾಯಿತು, ಸಿಟ್ಟು ಬರಲಿಲ್ಲ.

ಆ ಏಪ್ರಿಲ್ ಸಂಜೆ ಅಜ್ಜನ ಮೊಮ್ಮಗ ಮೈದಾನದಿಂದ ಒಂದು ಹಿಡಿ ಹುಲ್ಲು ಬೇರುಸಮೇತ ಕಿತ್ತು ತಂದಿದ್ದ. ಅಜ್ಜ ಅದನ್ನು ಬಾಲ್ಕನಿಯ ಕುಂಡದಲ್ಲಿ ನೆಟ್ಟಿದ್ದಾರೆ. ಅವರು ಮಗಳ ಮನೆಗೆ ಹೋದಾಗ ಅದಕ್ಕೆ ನೀರು ಹಾಕುವುದು ನನ್ನ ಪಾಲಿನ ಕೆಲಸ.