ಹಕ್ಕಿ ಹಾಡು, ಮೂರನೇ ವಾರ: ಪಲ್ಲವಿ ಕೂತಿತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಪಲ್ಲವಿ ಕೂತಿತು. ಮಲಗಿದ್ದ ತಮ್ಮನನ್ನು ಎಬ್ಬಿಸಿ ಕೇಳಿಸಿದೆ.

ಇಟಲಿಯ ಹಾಡುಗಾರ, ಸಂಗೀತಗಾರ ಫ್ರಾಂಕೊ ಬಟ್ಟಿಯಾಟೊ ಅವರ 1981ರ ಆಲ್ಬಮ್ ‘ಲಾ ವೋಚೆ ದೆಲ್ ಪದ್ರೋನೆ’. ಇಟಲಿಯಲ್ಲಿ ಹತ್ತು ಲಕ್ಷ ಪ್ರತಿ ದಾಟಿದ ಮೊದಲ ಎಲ್‌ಪಿ. ಅದರಲ್ಲಿರುವ ಹಕ್ಕಿಗಳ ಹಾಡನ್ನು ಸ್ಟ್ರಿಂಗ್ ಕ್ವಾರ್ಟೆಟ್‌ಗೆ, ಅಂದರೆ ಎರಡು ವಯೊಲಿನ್, ಒಂದು ವಿಯೋಲಾ, ಒಂದು ಸೆಲ್ಲೊ ಮೇಳಕ್ಕೆ, ಇಳಿಸುತ್ತಿದ್ದೇನೆ. ಸ್ವರ ಬರೆದದ್ದು, ಅದನ್ನು ಕಂಪ್ಯೂಟರ್ ನುಡಿಸುವಂತೆ ಮಿಡಿ ಹಾಕಿದ್ದು ಎಲ್ಲ ಮಾಮೂಲಿ. ಕಾಡಿದ್ದು ಒಂದೇ: ಪಲ್ಲವಿಯಲ್ಲಿ ತಂತಿವಾದ್ಯಗಳು ಹಾಡುವ ದನಿಗಿಂತ ಹಿಂದೆ ಬೀಳುತ್ತಿದ್ದವು.

ಲೆಗಾಟೊ (ಸ್ವರಗಳನ್ನು ಬಿಡದೆ ಬೆಸೆದು ನುಡಿಸುವುದು) ಸ್ಯಾಂಪಲ್, ಅಂದರೆ ಮೊದಲೇ ಧ್ವನಿಮುದ್ರಿಸಿದ ವಾದ್ಯದ ನಾದ, ನಿಧಾನ ಅರಳುತ್ತದೆ. ಹಾಗಾಗಿ ಇಡೀ ಟ್ರ್ಯಾಕನ್ನು 150 ಮಿಲಿಸೆಕೆಂಡ್ ಮುಂಚೆ ಸರಿಸಿದೆ. ಈಗ ಚಿಕ್ಕ ಸ್ವರಗಳು ದನಿಗಿಂತ ಮೊದಲೇ ಓಡಿದವು! ಕೊನೆಗೆ ಉದ್ದ ಸ್ವರಕ್ಕೊಂದು, ಚಿಕ್ಕದಾಗಿ ಕಡಿದು ನುಡಿಸುವ ಸ್ಟಕಾಟೊಗೊಂದು ಟ್ರ್ಯಾಕ್ ಮಾಡಿ, ಎರಡನೆಯದನ್ನು 40 ಮಿಲಿಸೆಕೆಂಡ್ ಮುಂಚೆಗೆ ನಿಲ್ಲಿಸಿದೆ. ತಾಳ ಸರಿಹೋಯಿತು, ಜೀವ ಮಾತ್ರ ಬರಲಿಲ್ಲ. ಕರ್ನಾಟಕ ಸಂಗೀತದ ಸ-ಪ-ಸ-ಪ ಶ್ರುತಿಯಲ್ಲಿದ್ದ ನನ್ನ ವಯೊಲಿನ್ ಅನ್ನು ಪಾಶ್ಚಾತ್ಯರ ಜಿ-ಡಿ-ಎ-ಇಗೆ ತಂದು, ಜಾರು ಇಲ್ಲದೆ ನೇರ ಸ್ವರದಲ್ಲಿ ಆ ಟ್ರ್ಯಾಕ್‌ಗಳ ಮೇಲೆ ಒಂದು ಪದರವಾಗಿ ನುಡಿಸಿದೆ. ಕೂಡಲೇ ಉಸಿರು ಬಂತು.

ಜಾರು ಬಿಡುವುದು ಕೈಗೆ ಕಷ್ಟವಾಯಿತು. ಆದರೆ ಹಾಡಿಗೆ ಬೇಕಿರುವುದೇ ಅದು. ಹಕ್ಕಿಗಳು ಹೇಗೆ ಬೇಕಾದರೂ ಹಾರುತ್ತವೆ, ಆದರೂ ನಮ್ಮ ಸೌರಮಂಡಲದ ನಿಯಮದೊಳಗೇ ಹಾರುತ್ತವೆ ಅನ್ನುತ್ತದೆ ಸಾಹಿತ್ಯ. ನನಗೆ ತಂತಿಗಳೇ ಆ ನಿಯಮ, ದನಿಯೇ ಹಕ್ಕಿ. ನಿಯಮ ಅಲುಗಿದರೆ ಹಾರಾಟ ಕಾಣುವುದು ಹೇಗೆ? ಈ ಆಲ್ಬಮ್‌ನಲ್ಲಿ ಬಟ್ಟಿಯಾಟೊ ಜೊತೆ ಕೆಲಸ ಮಾಡಿದ ಜುಸ್ತೊ ಪಿಯೊ ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆ ರಾಯ್‌ನ ಮಿಲಾನ್ ಆರ್ಕೆಸ್ಟ್ರಾದಲ್ಲಿ ಪಿಟೀಲುಗಾರರಾಗಿದ್ದವರು, ಬಟ್ಟಿಯಾಟೊಗೆ ಪಿಟೀಲು ಹೇಳಿಕೊಟ್ಟವರು. ಪಾಪ್ ಹಾಡಿಗೆ ಪಿಟೀಲನ್ನು ಸುಮ್ನೆ ಒಡವೆ ತೊಡಿಸಿದ ಹಾಗೆ ಅವರು ಬಳಸಲಿಲ್ಲ ಅಂತ ಈಗ ಕೈಯಿಂದಲೇ ಗೊತ್ತಾಗಿದೆ.

ನನ್ನ ವಯೊಲಿನ್‌ಗೆ ಹೊಸ ತಂತಿ ಕಳಿಸಿದ ಅಂಗಡಿಯವರ ಮೇಲೆ ಸಿಟ್ಟಿದೆ. ಪೂರ್ತಿ ಸೆಟ್ಟಿಗೆ ದುಡ್ಡು ಕೊಟ್ಟೆ. ಪೊಟ್ಟಣದಲ್ಲಿ ಎರಡು ಇ ತಂತಿ, ಜಿ ಇಲ್ಲ. ಫೋನ್ ಮಾಡಿದರೆ ‘ನಾಳೆ ಸಾರ್’. ನಾಲ್ಕು ದಿನವಾಯಿತು.

ಇದರ ನಡುವೆ ಮುಂದಿನದು ತಲೆಗೆ ಹೊಕ್ಕಿದೆ. ಬಟ್ಟಿಯಾಟೊ ಅವರದ್ದೇ 1996ರ ‘ಲಾ ಕೂರಾ’. ಸಾಹಿತ್ಯಕ್ಕೆ ಕೈಜೋಡಿಸಿದ್ದು ಸಿಸಿಲಿಯ ತತ್ವಜ್ಞಾನಿ ಮನ್ಲಿಯೊ ಸ್ಗಲಾಂಬ್ರೊ. ಭಯದಿಂದ, ಮುಪ್ಪಿನಿಂದ ನಿನ್ನನ್ನು ಕಾಯುತ್ತೇನೆ ಅನ್ನುವ ಹಾಡು. ಹಾಡುತ್ತಿರುವುದು ಪ್ರೇಮಿಯೋ, ಗುರುವೋ, ದೇವರೋ? ಇಟಾಲಿಯನ್‌ನ ‘ಕೂರಾ’ ಪದಕ್ಕೆ ಕಾಳಜಿ ಅಂತಲೂ ಅರ್ಥ, ಚಿಕಿತ್ಸೆ ಅಂತಲೂ ಅರ್ಥ. ಕನ್ನಡದ ‘ಆರೈಕೆ’ ಎರಡನ್ನೂ ಹೊರುತ್ತದೆ, ಅಲ್ವಾ? ಸೆಲ್ಲೊ ಒಂದರಿಂದಲೇ ಶುರು ಮಾಡುವ ಯೋಚನೆ ಇದೆ. ಮೊದಲು ಆ ಜಿ ತಂತಿ ಬರಲಿ.